ಪಡಸಾಲೆಗೆ ಯಾವ ಡಿಸ್ಕ್ ಪ್ಲೇಯರ್?

ಒಳ್ಳೆಯ ಡಿಸ್ಕ್ ಪ್ಲೇಯರ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರ ಕಪಾಟಿನಲ್ಲಿ ಯಾವ ಡಿಸ್ಕ್‌ಗಳಿವೆ ಎಂದು. ಅದು ಗೊತ್ತಾಗದೆ ಯಂತ್ರದ ಮಾತು ತೆಗೆಯುವುದರಲ್ಲಿ ಅರ್ಥವಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಹಾಡಿನ ಹುಚ್ಚಿರುವವರ ಕಪಾಟು ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಗಂಗೂಬಾಯಿ ಹಾನಗಲ್ ಇರುತ್ತಾರೆ. ಪುಟ್ಟರಾಜ ಗವಾಯಿಗಳು ಇರುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫಜ್ಜನ ತತ್ವಪದಗಳು ಸಿ. ಅಶ್ವತ್ಥರ ದನಿಯಲ್ಲಿ ಇದ್ದೇ ಇರುತ್ತವೆ. ಹಿರೇಕೆರೂರು ಸೀಮೆಯ ಅಬಲೂರಿನ ಹೆಸರಿನೊಡನೆ ಬೆಸೆದುಕೊಂಡ ಸರ್ವಜ್ಞನ ತ್ರಿಪದಿಗಳನ್ನು ಯಾರೋ ಓದಿದ್ದು, ಹಾಡಿದ್ದು ಒಂದೆರಡು. ಇವುಗಳ ಹಿಂದೆ, ಹೊದಿಕೆಯ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಬಿಳಿ ಡಿಸ್ಕ್‌ಗಳು: ಊರ ಜಾತ್ರೆಯ ಭಜನೆ, ಡೊಳ್ಳು, ಮನೆಯ ಮದುವೆ.

ಈ ಕಪಾಟಿನ ಒಂದೊಂದು ಡಿಸ್ಕಿಗೂ ಒಂದೊಂದು ಮಿತಿ ಇದೆ. ಆ ಮಿತಿಯನ್ನು ಯಾವ ಪ್ಲೇಯರೂ ದಾಟಿಸಲಾರದು. ಎಷ್ಟೋ ಮಂದಿ ಲಕ್ಷಗಟ್ಟಲೆ ಸುರಿದ ಮೇಲೆ ಇದನ್ನು ಕಂಡುಕೊಳ್ಳುತ್ತಾರೆ. ಕೊಳ್ಳುವ ಮೊದಲೇ ತಿಳಿದರೆ ಆ ಹಣವನ್ನು ನಿಜವಾಗಿ ಕಿವಿಗೆ ತಲುಪುವ ಕಡೆ ಹಾಕಬಹುದು.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಹೆಸರಿನಲ್ಲಿ ಹೊತ್ತದ್ದು ಹಾನಗಲ್ಲನ್ನು. ಬೀದಿಯಲ್ಲಿ ಗ್ರಾಮಾಫೋನ್ ಹಾಡಿದರೆ ಮನೆಯಿಂದ ಓಡಿಬಂದು ನಿಂತು ಕೇಳಿ, ಹಾಗೆಯೇ ಹಾಡಲು ಯತ್ನಿಸುತ್ತಿದ್ದ ಬಾಲ್ಯವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ತಟ್ಟೆಗಳನ್ನು ತಂದಾಗ ಅವುಗಳ ಮೇಲಿದ್ದ ಹೆಸರು ಗಾಂಧಾರಿ ಹಾನಗಲ್. ಆಗಿನ ತಟ್ಟೆಗಳು ಅರಗಿನವು. ಮರದ ಮೇಲಿನ ಅರಗಿನ ಹುಳು ಸ್ರವಿಸುವ ಅದೇ ಅರಗು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಇಡೀ ರಾಗವನ್ನು ಆ ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಆ ಕಾಲದ ಧ್ವನಿಮುದ್ರಣದಲ್ಲಿ ಐದಾರು ಸಾವಿರ ಹರ್ಟ್ಸ್‌ಗಿಂತ ಮೇಲೆ ಹಾಡಿಗಿಂತ ಸೂಜಿಯ ಸರಸರವೇ ಹೆಚ್ಚು. ಅದನ್ನು ಶುದ್ಧಮಾಡಿ ಸಿಡಿಗೆ ಇಳಿಸಿದರೂ ಮೂಲದಲ್ಲಿ ಇಲ್ಲದ್ದು ಹುಟ್ಟುವುದಿಲ್ಲ. ಸಿಡಿ 20,000 ಹರ್ಟ್ಸ್‌ವರೆಗೆ ಹಿಡಿಯಬಲ್ಲದು. ಗಾಂಧಾರಿಯವರ ತಟ್ಟೆ ಅದರ ಕಾಲು ಭಾಗವನ್ನಷ್ಟೇ ತುಂಬುತ್ತದೆ.

ಆದರೂ ಆ ಕಾಲು ಭಾಗದಲ್ಲಿ ಎಷ್ಟಿದೆ ನೋಡಿ. ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಅಂಗಡಿಯಲ್ಲಿ ಕೇಳಿಯೇ ಬಾಲಕ ಭೀಮಸೇನ ಜೋಶಿಗೆ ಹಾಡುಗಾರನಾಗುವ ಹಂಬಲ ಹುಟ್ಟಿದ್ದು. ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಬಳಿ ಕಲಿತವರು ಗಂಗೂಬಾಯಿ ಮತ್ತು ಭೀಮಸೇನರು. ಮನುಷ್ಯದನಿಯ ಮೈ, ಸ್ವರದ ಜಾರು, ಮೀಂಡು, ಗಮಕ ಎಲ್ಲ ನೂರೈವತ್ತರಿಂದ ಮೂರು ನಾಲ್ಕು ಸಾವಿರ ಹರ್ಟ್ಸ್‌ನೊಳಗೆ ಇರುತ್ತವೆ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಇನ್ನೂ ಕೆಳಗಿಳಿದು ಗಡಸಾಯಿತು. ಅವರ ನಂತರದ ದಶಕಗಳ ದೀರ್ಘ ಮುದ್ರಣಗಳನ್ನು ಕೇಳುವಾಗ ನಿಮ್ಮ ಸ್ಪೀಕರಿನ ಮಧ್ಯಸ್ಥಾಯಿ ಸ್ವಚ್ಛವಾಗಿರಬೇಕು. ಮೇಲಿನ ಝಣಝಣ ಅಷ್ಟೇನೂ ಮುಖ್ಯವಲ್ಲ. ತಂಬೂರಿಯ ಜೀವಾರಿ ಮಾತ್ರ ಇದಕ್ಕೆ ಹೊರತು: ತಂತಿಯ ಕೆಳಗಿಟ್ಟ ಒಂದೆಳೆ ದಾರ ನಾದವನ್ನು ಹತ್ತಾರು ಉಪಸ್ವರಗಳಾಗಿ ಬಿಡಿಸುತ್ತದೆ, ಅವು ಹಲವು ಸಾವಿರ ಹರ್ಟ್ಸ್‌ವರೆಗೆ ಏರುತ್ತವೆ. ಒಳ್ಳೆಯ ಮುದ್ರಣ ಯಾವುದೆಂದು ತಿಳಿಯಬೇಕಾದರೆ ನಾನು ಕಿವಿಗೊಡುವುದು ಹಾಡಿಗಿಂತ ಮೊದಲು ತಂಬೂರಿಗೆ.

ಈಗ ಯಂತ್ರದ ಒಳಗೆ ಹೋಗೋಣ.

ಸಿಡಿ ಮೊದಲು ಅಂಗಡಿಗೆ ಬಂದದ್ದು 1982ರ ಅಕ್ಟೋಬರ್ 1ರಂದು, ಜಪಾನಿನಲ್ಲಿ. ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿದ್ದು. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕು. ಅದರ ಬೆನ್ನಿಗೆ ಹಚ್ಚಿದ ಅತಿ ತೆಳು ಅಲ್ಯುಮಿನಿಯಂ ಪೊರೆ. ಪೊರೆಯ ಮೇಲೆ ರಕ್ಷಣೆಗೆ ಮೆರುಗೆಣ್ಣೆ, ಅದರ ಮೇಲೆ ಹೆಸರು, ಚಿತ್ರ. ಹಾಡು ಇರುವುದು ಆ ಪೊರೆಯಲ್ಲಿ, ಸುಮಾರು ಅರ್ಧ ಮೈಕ್ರಾನ್ ಅಗಲದ ಕುಳಿಗಳ ಸಾಲಾಗಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸಾಲಿನಿಂದ ಸಾಲಿಗೆ ಇರುವ ಅಂತರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ 625 ಸಾಲು. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುವ ಈ ಸಾಲನ್ನು ಬಿಚ್ಚಿ ಎಳೆದರೆ ಐದು ಕಿಲೋಮೀಟರಿಗೂ ಉದ್ದ.

ಇದನ್ನು ಓದುವುದು 780 ನ್ಯಾನೊಮೀಟರ್ ತರಂಗಾಂತರದ ಲೇಸರ್. ಕಣ್ಣಿಗೆ ಅದು ಕಾಣುವುದಿಲ್ಲ ಎನ್ನುವಷ್ಟು ಮಂಕು. ಪ್ಲಾಸ್ಟಿಕ್ಕಿನೊಳಗೆ ಬೆಳಕಿನ ವೇಗ ತಗ್ಗುವುದರಿಂದ ಆ ತರಂಗಾಂತರ ಅಲ್ಲಿ ಸುಮಾರು 500 ನ್ಯಾನೊಮೀಟರ್ ಆಗುತ್ತದೆ. ಕುಳಿಯ ಆಳ ಅದರ ಕಾಲು ಭಾಗದ ಆಸುಪಾಸು. ಕುಳಿಗೆ ತಗಲಿ ಮರಳಿದ ಬೆಳಕು ಸುತ್ತಲಿನ ಸಮತಳಕ್ಕೆ ತಗಲಿ ಮರಳಿದ ಬೆಳಕಿಗಿಂತ ಹೋಗಿಬರುವ ದಾರಿಯಲ್ಲಿ ಅರ್ಧ ತರಂಗದಷ್ಟು ಬೇರೆಯಾಗಿರುತ್ತದೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರಿ ಎರಡೂ ಅಳಿಯುತ್ತವೆ, ಬೆಳಕು ಕುಂದುತ್ತದೆ. ಹೀಗೆ ಬೆಳಕು ಕುಂದುವ, ಮತ್ತೆ ಏರುವ ಅಂಚುಗಳೇ 'ಒಂದು'ಗಳು. ನಡುವಿನ ಸಮ ಭಾಗಗಳು 'ಸೊನ್ನೆ'ಗಳು. ಸೆಕೆಂಡಿಗೆ 43 ಲಕ್ಷ ಬಿಟ್‌ಗಳು ಲೇಸರಿನಡಿ ಹಾದುಹೋಗುತ್ತವೆ.

ತಿರುಗುವ ಡಿಸ್ಕ್ ಅರ್ಧ ಮಿಲಿಮೀಟರ್‌ನಷ್ಟು ಮೇಲೆ ಕೆಳಗೆ ಓಲಾಡಬಹುದು. ಲೇಸರಿನ ನಾಭಿ ಒಂದೆರಡು ಮೈಕ್ರಾನ್ ತಪ್ಪಿದರೂ ಓದು ಕೆಡುತ್ತದೆ. ಹಾಗಾಗಿ ಮಸೂರವನ್ನು ಸಣ್ಣ ಸುರುಳಿತಂತಿಗಳ ನಡುವೆ ತೂಗುಬಿಟ್ಟಿರುತ್ತಾರೆ. ಮರಳಿದ ಬೆಳಕಿನಿಂದಲೇ ತಪ್ಪನ್ನು ಅಳೆದು, ಕಾಂತಬಲದಿಂದ ಕ್ಷಣಕ್ಷಣಕ್ಕೂ ಅದನ್ನು ಮೇಲೆ ಕೆಳಗೆ, ಎಡ ಬಲ ಸರಿಸುತ್ತಿರಬೇಕು. ಪ್ಲೇಯರಿನಲ್ಲಿ ಸವೆಯುವ, ಸೋಲುವ ಭಾಗ ಇದೇ. ಲೇಸರಿನ ಶಕ್ತಿ ವರ್ಷಗಳು ಕಳೆದಂತೆ ತಗ್ಗುತ್ತದೆ, ಮಸೂರದ ಮೇಲೆ ಧೂಳು ಕೂರುತ್ತದೆ, ಮೋಟರಿನ ಬೇರಿಂಗು ಸಡಿಲಾಗುತ್ತದೆ. ಅಂಕಿಗಳನ್ನು ನಾದವಾಗಿಸುವ ಚಿಪ್ಪು ಇಪ್ಪತ್ತು ವರ್ಷ ಹಾಗೆಯೇ ಇದ್ದೀತು. ಆದ್ದರಿಂದ ಪ್ಲೇಯರಿಗೆ ಹಾಕುವ ಹಣದಲ್ಲಿ ದೊಡ್ಡ ಪಾಲು ಈ ಓದುವ ಭಾಗಕ್ಕೆ, ಅದರ ಬಿಡಿಭಾಗ ಸಿಗುವುದಕ್ಕೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದುಬಾರಿ ಕಂಪನಿಗಳೂ ಈ ಭಾಗವನ್ನು ಬಹಳಷ್ಟು ಸಲ ಹೊರಗಿನಿಂದ ತರಿಸುತ್ತವೆ. ಫಿಲಿಪ್ಸ್ ತಯಾರಿಸುತ್ತಿದ್ದ ಸಿಡಿ-ಪ್ರೊ2 ಎಂಬ ಭಾಗವನ್ನು ಹಲವು ಹೆಸರಾಂತ ಪ್ಲೇಯರುಗಳು ಬಳಸುತ್ತಿದ್ದವು. ಅದರ ತಯಾರಿ ನಿಂತಾಗ ಆ ಪ್ಲೇಯರುಗಳ ರಿಪೇರಿಯೇ ಕಷ್ಟವಾಯಿತು. ಎಲ್ಲ ಬಗೆಯ ಡಿಸ್ಕ್ ಓದುತ್ತಿದ್ದ, ಬಹಳ ಮಂದಿ ಮೆಚ್ಚಿದ್ದ ಆಪ್ಪೊ ಪ್ಲೇಯರುಗಳ ಹೊಸ ತಯಾರಿಯೂ 2018ರಲ್ಲಿ ಕೊನೆಗೊಂಡಿತು. ಕೊಳ್ಳುವ ಮೊದಲು ಕೇಳಬೇಕಾದ್ದು: ಇದರ ಲೇಸರ್ ಹೋದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬದಲಿ ಹಾಕಿಕೊಡುವವರು ಇದ್ದಾರೆಯೇ?

ಧೂಳಿನ ಮಾತು ಬಂತು. ಬೇಸಿಗೆಯಲ್ಲಿ ಸವಣೂರಿನ ಕಡೆಯ ಎರೆಹೊಲಗಳಿಂದ ಏಳುವ ಧೂಳು ಮುಚ್ಚಿದ ಕಿಟಕಿಯನ್ನೂ ದಾಟಿ ಬರುತ್ತದೆ. ಡಿಸ್ಕಿನ ಮೇಲೆ ಅದು ಕೂತರೆ ನೀವು ಅಂದುಕೊಂಡಷ್ಟು ಹಾನಿಯಿಲ್ಲ. ಲೇಸರಿನ ಕಿರಣ ಡಿಸ್ಕಿನ ಮೇಲ್ಮೈಯನ್ನು ಹೊಗುವಾಗ ಸುಮಾರು 0.8 ಮಿಲಿಮೀಟರ್ ಅಗಲವಿರುತ್ತದೆ; 1.2 ಮಿಲಿಮೀಟರ್ ಪ್ಲಾಸ್ಟಿಕ್ಕನ್ನು ದಾಟಿ ಪೊರೆ ಮುಟ್ಟುವ ಹೊತ್ತಿಗೆ ಎರಡು ಮೈಕ್ರಾನಿಗಿಂತ ಕಿರಿದಾಗುತ್ತದೆ. ಮೇಲಿನ ಧೂಳಿನ ಕಣ ಆ ಅಗಲ ಕಿರಣದಲ್ಲಿ ಒಂದು ಚೂರನ್ನಷ್ಟೇ ತಡೆಯುತ್ತದೆ. ಇಷ್ಟು ಸರಳವಾದ ಉಪಾಯ ಈ ತಂತ್ರಜ್ಞಾನದಲ್ಲೇ ನನಗೆ ಅತ್ಯಂತ ಇಷ್ಟವಾದದ್ದು.

ಗೀರು ಬಿದ್ದರೆ ಕಾಪಾಡುವುದು ಗಣಿತ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿ ಇದರ ತಳಹದಿ. ಹಾಡಿನ ಅಂಕಿಗಳ ಜೊತೆ ಅವುಗಳಿಂದಲೇ ಲೆಕ್ಕ ಹಾಕಿದ ಕೆಲವು ಹೆಚ್ಚುವರಿ ಅಂಕಿಗಳನ್ನೂ ಬರೆದಿಡುತ್ತಾರೆ. ಒಂದು ಗುಂಪಿನಲ್ಲಿ ಕೆಲವು ಅಳಿದರೆ ಉಳಿದವುಗಳಿಂದ ಅವನ್ನು ಕರಾರುವಾಕ್ಕಾಗಿ ಮರಳಿ ಪಡೆಯಬಹುದು. ಆದರೆ ಗೀರು ಒಂದೇ ಕಡೆ ಉದ್ದಕ್ಕೆ ಬೀಳುತ್ತದೆ, ಒಂದು ಗುಂಪನ್ನೇ ಪೂರ್ತಿ ನುಂಗೀತು. ಅದಕ್ಕಾಗಿ ಪಕ್ಕಪಕ್ಕದ ಕ್ಷಣಗಳ ಅಂಕಿಗಳನ್ನು ಬೇಕೆಂದೇ ದೂರದೂರಕ್ಕೆ ಚದುರಿಸಿರುತ್ತಾರೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ ರೈತನಿಗೆ ಒಂದು ಪಟ್ಟಿ ಪೂರಾ ಹಾಳಾದರೂ ಪ್ರತಿ ಬೆಳೆಯೂ ಅಷ್ಟಿಷ್ಟು ಕೈಗೆ ಬರುವಂತೆ, ಇಲ್ಲಿ ಪ್ರತಿ ಗುಂಪಿಗೂ ಸ್ವಲ್ಪಸ್ವಲ್ಪವೇ ಪೆಟ್ಟು ಬೀಳುತ್ತದೆ. ಸಾಲಿನ ಉದ್ದಕ್ಕೆ ಎರಡೂವರೆ ಮಿಲಿಮೀಟರ್‌ವರೆಗೆ ಪೂರಾ ಅಳಿದುಹೋದರೂ ಒಂದಂಕಿಯೂ ತಪ್ಪದೆ ಹಾಡು ಮರಳಿ ಬರುತ್ತದೆ. ಡಿಸ್ಕನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು ಎನ್ನುವುದು ಇದಕ್ಕೇ. ಸುತ್ತುಸುತ್ತಾಗಿ ಒರೆಸಿ ಗೀರಿದರೆ ಅದು ಸಾಲಿನ ಉದ್ದಕ್ಕೇ ಬಿದ್ದು ಈ ಮಿತಿಯನ್ನು ದಾಟುತ್ತದೆ. ಹೆಸರು ಬರೆದ ಮಗ್ಗುಲು ಇನ್ನೂ ನಾಜೂಕು. ಅಲ್ಲಿ ಪೊರೆಯ ಮೇಲೆ ಮೆರುಗೆಣ್ಣೆ ಬಿಟ್ಟು ಬೇರೆ ಕಾವಲಿಲ್ಲ. ಬಾಲ್‌ಪೆನ್ನಿನ ಮೊನೆ ಸಾಕು.

ಓದಿದ ಅಂಕಿಗಳು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. ಮೊದಲು ಒಂದು ಸ್ಮೃತಿಕೋಶದಲ್ಲಿ ತುಂಬಿಕೊಂಡು, ಅಲ್ಲಿಂದ ಸ್ಫಟಿಕದ ಗಡಿಯಾರದ ತಾಳಕ್ಕೆ ಒಂದೊಂದಾಗಿ ಹೊರಬರುತ್ತವೆ. ಕ್ಯಾಸೆಟ್ಟಿನಲ್ಲಿ ಮೋಟರು ತಡವರಿಸಿದರೆ ಸ್ವರವೇ ತೂಗಾಡುತ್ತಿತ್ತು. ಸಿಡಿಯಲ್ಲಿ ಡಿಸ್ಕಿನ ಓಟದ ಏರುಪೇರು ಸ್ವರಕ್ಕೆ ತಾಗುವುದೇ ಇಲ್ಲ. ಹಾಗಾಗಿ ಡಿಸ್ಕಿನ ಮೇಲಿಡುವ ಭಾರದ ಬಿಲ್ಲೆ, ಅಂಚಿಗೆ ಹಚ್ಚುವ ಹಸಿರು ಶಾಯಿ ಇವುಗಳಿಂದ ಸ್ವರ ಸುಧಾರಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಗಡಿಯಾರದ್ದೇ ಅತಿ ಸಣ್ಣ ತಡವರಿಕೆಗೆ ಜಿಟರ್ ಎನ್ನುತ್ತಾರೆ, ಮಾರಾಟದ ಪತ್ರಿಕೆಗಳಲ್ಲಿ ಇದು ದೊಡ್ಡಕ್ಷರದಲ್ಲಿ ಬರುತ್ತದೆ. ತರಬೇತಾದ ಕೇಳುಗರನ್ನು ಕೂರಿಸಿ ಜಪಾನಿನ ಸಂಶೋಧಕರು 2005ರಲ್ಲಿ ಪರೀಕ್ಷಿಸಿದಾಗ, ಸಂಗೀತದಲ್ಲಿ ಅದು ಗೊತ್ತಾಗಲು ನೂರಾರು ನ್ಯಾನೊಸೆಕೆಂಡಿನಷ್ಟು ಬೇಕಾಯಿತು. ಈಗಿನ ಸಾಧಾರಣ ಪ್ಲೇಯರುಗಳಲ್ಲೂ ಅದು ಒಂದು ನ್ಯಾನೊಸೆಕೆಂಡಿನ ಸುತ್ತಮುತ್ತಲೇ ಇರುತ್ತದೆ.

ಇನ್ನು ಅಂಕಿಯಿಂದ ನಾದ. ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯ ಒತ್ತಡವನ್ನು ಅಳೆದು ಬರೆದಿರುತ್ತಾರೆ. ಈ ವಿಚಿತ್ರ ಸಂಖ್ಯೆ ಬಂದದ್ದು ಟಿ.ವಿ.ಯಿಂದ: ಆಗ ಅಂಕಿಗಳನ್ನು ವಿಡಿಯೊ ಟೇಪಿನಲ್ಲಿ ಶೇಖರಿಸುತ್ತಿದ್ದರು, ಗೆರೆಗೆ 3 ಅಂಕಿ, 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿ ನೋಡಿ. ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶಾನನ್ ಅವರ ಗಣಿತದ ಪ್ರಕಾರ, ಒಂದು ಅಲೆಯ ಒಂದು ಆವರ್ತಕ್ಕೆ ಎರಡಕ್ಕಿಂತ ಹೆಚ್ಚು ಅಳತೆ ಇದ್ದರೆ ಆ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಪುಸ್ತಕಗಳಲ್ಲಿ ಡಿಜಿಟಲ್ ಧ್ವನಿಯನ್ನು ಮೆಟ್ಟಿಲುಗಳ ಹಾಗೆ ಬರೆದು ತೋರಿಸುವ ಚಿತ್ರವನ್ನು ದಯವಿಟ್ಟು ಮರೆತುಬಿಡಿ. ಪ್ಲೇಯರಿನಿಂದ ಹೊರಬರುವ ಅಲೆ ನುಣುಪಾದ ಗೆರೆ. 20,000 ಹರ್ಟ್ಸ್ ಒಳಗಿನ ಯಾವುದೂ ಮೆಟ್ಟಿಲುಗಳ ನಡುವೆ ಕಳೆದುಹೋಗುವುದಿಲ್ಲ. ಐವತ್ತು ದಾಟಿದ ಹೆಚ್ಚಿನವರಿಗೆ 12,000 ಹರ್ಟ್ಸ್‌ಗಿಂತ ಮೇಲಿನದು ಕೇಳುವುದೂ ಕಷ್ಟ.

ಪ್ರತಿ ಅಳತೆಗೆ 16 ಬಿಟ್, ಅಂದರೆ 65,536 ಹಂತ. ಅತಿ ಮೆಲುದನಿಗೂ ಅತಿ ಜೋರಿಗೂ ಸುಮಾರು 96 ಡೆಸಿಬೆಲ್ ಅಂತರ. ಇದನ್ನು ನಿಮ್ಮ ಮನೆಗೆ ಅನ್ವಯಿಸಿ ನೋಡಿ. ಹಿರೇಕೆರೂರಿನ ಒಂದು ಶಾಂತ ಮನೆಯಲ್ಲೂ ಫ್ಯಾನು, ದೂರದ ಪಂಪ್‌ಸೆಟ್ಟು, ಜೀರುಂಡೆ ಸೇರಿ 40 ಡೆಸಿಬೆಲ್ ಸದ್ದು ಇರುತ್ತದೆ. ಆ ಸದ್ದಿನ ಮೇಲೆ 96 ಕೂಡಿಸಿದರೆ 136. ಅಷ್ಟು ಜೋರು ಕಿವಿಗೆ ನೋವು ತರುತ್ತದೆ, ಕಿವಿಯನ್ನೇ ಕೆಡಿಸುತ್ತದೆ. ಮುಂಗಾರಿನಲ್ಲಿ ತಗಡಿನ ಮೇಲೆ ಮಳೆ ಸುರಿಯುವಾಗಿನ ಲೆಕ್ಕ ಬೇರೆ ಹೇಳಬೇಕಿಲ್ಲ. ಸಾಧಾರಣ ಸಿಡಿ ಹಿಡಿಯುವಷ್ಟನ್ನೇ ಮನೆಯ ಕೋಣೆ ಹಿಡಿಯಲಾರದು.

ಹಾಗಾದರೆ 1999ರಲ್ಲಿ ಬಂದ ಸೂಪರ್ ಆಡಿಯೊ ಸಿಡಿ? ಅದರಲ್ಲಿ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ ಒಂದೊಂದು ಬಿಟ್ ಬರೆಯುತ್ತಾರೆ. ಬಾಸ್ಟನ್ನಿನ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಅದನ್ನೂ ಅಂಥವೇ ಇತರ ಡಿಸ್ಕ್‌ಗಳನ್ನೂ ಒಮ್ಮೆ ಹಾಗೆಯೇ, ಒಮ್ಮೆ ಸಿಡಿಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: 554 ಸಲದಲ್ಲಿ 276 ಸಲ ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೀಸ್ ಅವರು 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ನೂರಕ್ಕೆ 52ರ ಆಸುಪಾಸು ಬಂತು, ತರಬೇತಾದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ವ್ಯತ್ಯಾಸವೇ ಇಲ್ಲವೆಂದು ನಾನೂ ಹೇಳುವುದಿಲ್ಲ. ಇದ್ದರೆ ಅದು ಬಹಳ ಸಣ್ಣದು. ಕನ್ನಡದ ಸಂಗೀತ ಆ ರೂಪದಲ್ಲಿ ಸಿಗುವುದೂ ವಿರಳ. ಶರೀಫಜ್ಜನ ಪದ ಕೇಳುವುದಕ್ಕಾಗಿ ಅಂಥ ಪ್ಲೇಯರಿಗೆ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಮಾತನ್ನೇ ನಂಬಬೇಕಿಲ್ಲ, ನೀವೇ ಪರೀಕ್ಷಿಸಬಹುದು. ಗೆಳೆಯರಿಂದ ಒಂದು ದುಬಾರಿ ಪ್ಲೇಯರ್ ಎರವಲು ತನ್ನಿ, ಪಕ್ಕದಲ್ಲಿ ನಿಮ್ಮದನ್ನೂ ಇಡಿ. ಮೊದಲು ಎರಡರ ಜೋರನ್ನೂ ಸಮ ಮಾಡಬೇಕು. ಇದನ್ನು ಬಿಟ್ಟರೆ ಪರೀಕ್ಷೆಯೇ ವ್ಯರ್ಥ, ಏಕೆಂದರೆ ಒಂದೇ ಹಾಡು ಗುರುತಿಗೆ ಸಿಗದಷ್ಟು ಸ್ವಲ್ಪ ಜೋರಾದರೂ ಕಿವಿ ಅದನ್ನು 'ಹೆಚ್ಚು ಸ್ಪಷ್ಟ' ಎಂದು ಒಪ್ಪಿಕೊಳ್ಳುತ್ತದೆ. 300 ಹರ್ಟ್ಸ್‌ನ ಒಂದೇ ಸ್ವರವಿರುವ ಡಿಸ್ಕನ್ನು ಎರಡರಲ್ಲೂ ಹಾಕಿ, ಸ್ಪೀಕರಿನ ತಂತಿಯ ತುದಿಗೆ ರಿಪೇರಿಯವರ ಮಲ್ಟಿಮೀಟರ್ ಹಿಡಿಯಿರಿ. ವೋಲ್ಟೇಜಿನ ವ್ಯತ್ಯಾಸ ನೂರಕ್ಕೆ ಎರಡರೊಳಗೆ ಬರುವಂತೆ ಮಾಡಿ. ಆಮೇಲೆ ಒಬ್ಬರು ಪರದೆಯ ಹಿಂದೆ ನಿಂತು ನಾಣ್ಯ ಚಿಮ್ಮಿ, ಬಿದ್ದಂತೆ ಯಾವುದಾದರೊಂದನ್ನು ನುಡಿಸಲಿ. 16 ಸಲ ಹೀಗೆ ಮಾಡಿ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿ ಹೇಳುವ ಸಂಭವ ನೂರಕ್ಕೆ 4ಕ್ಕಿಂತ ಕಡಿಮೆ. ನೀವು 12 ಮುಟ್ಟಿದರೆ ವ್ಯತ್ಯಾಸವಿದೆ ಎನ್ನಲು ಕಾರಣವಿದೆ, ಕೊಳ್ಳಿ. ಮುಟ್ಟದಿದ್ದರೆ ಹಣ ಉಳಿಯಿತು. ಕಣ್ಣಿಗೆ ಕಾಣುವ ದಪ್ಪ ಅಲ್ಯುಮಿನಿಯಂ ಮುಖ, ಕೈಗೆ ಹತ್ತುವ ಭಾರ, ಬೆಲೆಯ ಚೀಟಿ ಇವೆಲ್ಲ ಮಿದುಳಿನಲ್ಲಿ ನಾದದ ಜೊತೆ ನಿಜವಾಗಿಯೇ ಬೆರೆಯುತ್ತವೆ. ಅದು ಕೇಳುಗನ ದೋಷವಲ್ಲ, ಗ್ರಹಿಕೆಯ ರೀತಿಯೇ ಹಾಗೆ.

ಉಳಿದ ಹಣ ಎಲ್ಲಿಗೆ ಹೋಗಬೇಕು? ಮೊದಲು ಸ್ಪೀಕರಿಗೆ. ಸಾಧಾರಣ ಪ್ಲೇಯರು ನಾದಕ್ಕೆ ಸೇರಿಸುವ ಕಲಬೆರಕೆ ಸಾವಿರದಲ್ಲಿ ಒಂದು ಪಾಲಿಗಿಂತ ಬಹಳ ಕಡಿಮೆ. ಒಳ್ಳೆಯ ಸ್ಪೀಕರೂ ಕೆಳದನಿಯಲ್ಲಿ ನೂರಕ್ಕೆ ಒಂದೆರಡು ಪಾಲು ಕಲಬೆರಕೆ ಮಾಡುತ್ತದೆ. ಡೊಳ್ಳಿನ ಪೆಟ್ಟು ಎದೆಗೆ ತಾಗಬೇಕಾದರೆ ದೊಡ್ಡ ಗಾಳಿಯ ಮುದ್ದೆಯನ್ನೇ ಅಲುಗಿಸಬೇಕು; ನಾಲ್ಕಿಂಚಿನ ಸ್ಪೀಕರಿಗೆ ಅದು ಆಗದು, ಅದಕ್ಕೆ ಯಾವ ಪ್ಲೇಯರನ್ನು ಜೋಡಿಸಿದರೂ.

ಆಮೇಲೆ ಕೋಣೆ, ನನಗೆ ಅತಿ ಮುಖ್ಯವೆನಿಸುವುದೂ ಇದೇ. ಈಗ ಕಟ್ಟುತ್ತಿರುವ ಆರ್‌ಸಿಸಿ ಮನೆಗಳಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಸಾಮಾನ್ಯ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅದು ಹೋಗಿಬಂದು ತನ್ನನ್ನೇ ಬಲಪಡಿಸಿಕೊಳ್ಳುವ ಮೊದಲ ಸ್ವರ, 345ನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದಷ್ಟು. ಹತ್ತಡಿಗೆ ಅದು ಸುಮಾರು 57 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ಕಡೆಯಿಂದಲೂ ಅದೇ 57, ಅದರ ಇಮ್ಮಡಿ, ಮುಮ್ಮಡಿ ಉಬ್ಬಿ ಬರುತ್ತವೆ. ಕೆಲವೇ ಸ್ವರ ಗುಂಯ್ ಎನ್ನುತ್ತವೆ, ಉಳಿದವು ಅಡಗುತ್ತವೆ. ಇದರ ಮೇಲೆ ಟೈಲ್ಸ್ ನೆಲ, ಬರಿಗೋಡೆ. ತಬಲಾದ ಒಂದು ಪೆಟ್ಟು ಅಳಿಯುವ ಮೊದಲೇ ಮುಂದಿನದು ಬಂದು ಕೂರುತ್ತದೆ. ಹಳೆಯ ಹಂಚಿನ ಮನೆ, ಮಣ್ಣಿನ ಗೋಡೆಯ ಮಾಳಿಗೆ ಮನೆಗಳ ಪಡಸಾಲೆ ಇದಕ್ಕಿಂತ ಎಷ್ಟೋ ಮೇಲು. ಉದ್ದಕ್ಕೆ ಚಾಚಿದ ಆಕಾರ, ಏರಿಳಿಯುವ ಮಾಡು, ಸೆಗಣಿ ಸಾರಿಸಿದ ನೆಲ, ಗೂಟಕ್ಕೆ ತೂಗುಹಾಕಿದ ಕಂಬಳಿ, ಮೂಲೆಯಲ್ಲಿ ಒಟ್ಟಿದ ಹತ್ತಿ ಅಥವಾ ಗೋವಿನಜೋಳದ ಚೀಲ: ಇವೆಲ್ಲ ಶಬ್ದವನ್ನು ಹೀರುತ್ತವೆ, ಚದುರಿಸುತ್ತವೆ. ಹೊಸ ಮನೆಯವರು ದಪ್ಪ ಜಮಖಾನ ಹಾಸಿ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಿಟ್ಟು, ಹಿಂದೆ ಪುಸ್ತಕದ ಕಪಾಟು ಇಟ್ಟು ನೋಡಲಿ. ಪ್ಲೇಯರ್ ಬದಲಿಸಿ ಎಂದೂ ಸಿಗದಷ್ಟು ವ್ಯತ್ಯಾಸ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ.

ಕರೆಂಟಿನ ಬಗ್ಗೆ ಎರಡು ಮಾತು. ಪ್ಲೇಯರಿನ ಬೆನ್ನಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ವೋಲ್ಟೇಜ್ ಇಳಿದ ಸಂಜೆಯಲ್ಲೂ ಅದು ಸರಿಯಾಗಿ ಓಡುತ್ತದೆ. 230 ಎಂದಷ್ಟೇ ಇದ್ದರೆ ಒಳಗೆ ಸಾಮಾನ್ಯವಾಗಿ ಭಾರದ ಟ್ರಾನ್ಸ್‌ಫಾರ್ಮರು ಇರುತ್ತದೆ. ವೋಲ್ಟೇಜ್ ಬಹಳ ಇಳಿದರೆ ಡಿಸ್ಕ್ ಓದುವುದನ್ನೇ ನಿಲ್ಲಿಸೀತು, ಅಗ್ಗದ ಚೌಕ ಅಲೆಯ ಇನ್ವರ್ಟರಿಗೆ ಹಾಕಿದರೆ ಗುನುಗುತ್ತದೆ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಅಲ್ಲಿಂದ ತಂದುಕೊಟ್ಟ ಪ್ಲೇಯರಿನ ಮೇಲೆ 120 ವೋಲ್ಟ್ ಎಂದಷ್ಟೇ ಇದ್ದರೆ ನೇರವಾಗಿ ಸಾಕೆಟ್ಟಿಗೆ ಹಾಕಬೇಡಿ, ಸುಟ್ಟುಹೋಗುತ್ತದೆ. ಜಪಾನಿನ ಒಳಮಾರುಕಟ್ಟೆಯ ಯಂತ್ರಗಳದ್ದು 100 ವೋಲ್ಟ್. ಸ್ಪೀಕರಿನಲ್ಲಿ ಬಿಡದೆ ಗುಂ ಎಂಬ ಸದ್ದಿದ್ದರೆ ಪ್ಲೇಯರನ್ನು ದೂರುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ, ಡಿಶ್‌ನ ಕೇಬಲ್ಲನ್ನು ಒಮ್ಮೆ ಬಿಡಿಸಿ ನೋಡಿ. ಬಹಳ ಸಲ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ.

ಇನ್ನು ಕಪಾಟಿನ ಹಿಂದಿನ ಸಾಲು, ಹೊದಿಕೆಯ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಬಿಳಿ ಡಿಸ್ಕ್‌ಗಳು. ಪ್ಲೇಯರ್ ಆಯ್ಕೆಯನ್ನು ನಿಜಕ್ಕೂ ನಿರ್ಧರಿಸಬೇಕಾದವು ಇವೇ. ಇವುಗಳಲ್ಲಿ ಅಚ್ಚೊತ್ತಿದ ಕುಳಿಗಳಿಲ್ಲ. ಒಂದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತಾರೆ. ಅಚ್ಚಿನ ಡಿಸ್ಕಿಗಿಂತ ಇವು ಬೆಳಕನ್ನು ಕಡಿಮೆ ಮರಳಿಸುತ್ತವೆ, ಹಾಗಾಗಿ ಹಳೆಯ ಎಷ್ಟೋ ಪ್ಲೇಯರುಗಳು ಇವನ್ನು ಓದಲು ತಿಣುಕುತ್ತವೆ. ಸಿಡಿಯೊಂದನ್ನೇ ಓದುವ ಕೆಲವು ದುಬಾರಿ ಪ್ಲೇಯರುಗಳು ಎಂಪಿ3 ತುಂಬಿದ ಡಿಸ್ಕನ್ನು ಒಪ್ಪುವುದೇ ಇಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಅತ್ಯಂತ ಹಳೆಯ, ಅತ್ಯಂತ ಗೀರುಬಿದ್ದ ಬಿಳಿ ಡಿಸ್ಕನ್ನು, ಒಂದು ಎಂಪಿ3 ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಅವೆರಡನ್ನೂ ತಡವರಿಸದೆ ಓದುವ ಪ್ಲೇಯರು ಸಿಕ್ಕರೆ, ಬೆಲೆ ಎಷ್ಟೇ ಕಡಿಮೆಯಿರಲಿ, ನಿಮ್ಮ ಮನೆಗೆ ಅದೇ ಮೇಲ್ಮಟ್ಟದ ಪ್ಲೇಯರು.

ಗಂಗೂಬಾಯಿಯವರ ಒಂದು ಡಿಸ್ಕ್ ಹಾಳಾದರೆ ಅದೇ ಮುದ್ರಣ ಬೇರೆಡೆ ಸಿಗುತ್ತದೆ. ನಿಮ್ಮೂರ ಭಜನಾ ಮಂಡಳಿಯ ಹಿರಿಯರ ದನಿ ಆ ಒಂದೇ ಬಿಳಿ ಡಿಸ್ಕಿನಲ್ಲಿರಬಹುದು. ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳನ್ನೂ ಅವರ ಶಿಷ್ಯ ಪುಟ್ಟರಾಜರನ್ನೂ ಕೊಟ್ಟ ಹಾನಗಲ್ಲ ತಾಲ್ಲೂಕಿನಲ್ಲಿ, ಹೆಸರು ಹೊರಗೆ ಬಾರದ ಹಾಡುಗಾರರು ಎಷ್ಟಿರಬೇಡ! ಆ ಬಣ್ಣದ ಪದರ ಬಿಸಿಲಿಗೆ, ಶಾಖಕ್ಕೆ, ಹಾನಗಲ್ಲಿನ ಮಳೆಗಾಲದ ತೇವಕ್ಕೆ ಮಾಸುತ್ತದೆ. ಕೆಲವು ಡಿಸ್ಕ್‌ಗಳು ಹತ್ತು ವರ್ಷಕ್ಕೇ ಸೋಲುತ್ತವೆ. ಅವನ್ನು ನುಡಿಸಿ ಕೇಳುತ್ತಾ ಕೂರುವ ಮೊದಲು ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಹಾಕಿ ನಕಲು ಮಾಡಿ. ಹಾಡುವ ಪ್ಲೇಯರಿಗೆ ಸಾಮಾನ್ಯವಾಗಿ ಒಂದೇ ಅವಕಾಶ. ಓದಲಾಗದ ಕಡೆ ಅದು ಅಂದಾಜಿನಲ್ಲಿ ತುಂಬಿಸಿ ಮುಂದೆ ಹೋಗುತ್ತದೆ. ಕಂಪ್ಯೂಟರಿನ ಡ್ರೈವು ಅದೇ ಜಾಗಕ್ಕೆ ಮತ್ತೆ ಮತ್ತೆ ಮರಳಿ, ನಿಧಾನವಾಗಿ ಓದಬಲ್ಲದು. ವೇಗವನ್ನು ಕಡಿಮೆಗೆ ಇಟ್ಟು ಎರಡು ಸಲ ನಕಲು ಮಾಡಿ, ಎರಡೂ ಒಂದೇ ಆಗಿವೆಯೇ ಎಂದು ಹೋಲಿಸಿ. ಎಂಪಿ3 ಮಾಡಬೇಡಿ, ಅದು ಮಾಹಿತಿಯನ್ನು ಬಿಸಾಡುತ್ತದೆ. ಏನನ್ನೂ ಬಿಡದ ಫ್ಲ್ಯಾಕ್ ರೂಪದಲ್ಲಿಡಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂಬುದನ್ನು ಗೊತ್ತಿರುವವರು ಇರುವಾಗಲೇ ಕೇಳಿ ಬರೆದು ಸೇರಿಸಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ.